ದ್ಯಾಮವ್ವನ ಜಾಮೀನು

ಬಿಳಿಕೋಟೆಯ ದೊರೆ ಓಬಳನಾಯಕನಿಗೆ ಅಂದು ಹಿಗ್ಗೋ ಹಿಗ್ಗು. ಕೈಕಸುಬು, ವ್ಯಾಪಾರ ಮಾಡುವ ಹೆಂಗಸರಿಗೆ ಸಾಲ ಕೊಡಲೆಂದು ಹೋದ ವರ್ಷ ಅವನು ಸಾವಿರ ವರಹ ತೆಗೆದಿಟ್ಟು, ಊರೂರಿಗೆ ಡಂಗುರ ಹೊಡೆಸಿದ್ದ. ಈಗ ಬೊಕ್ಕಸದ ಮಂತ್ರಿ ವೀರಭದ್ರಯ್ಯ ಆ ಪೆಟ್ಟಿಗೆಯನ್ನು ಸಭೆಗೆ ಹೊರಿಸಿ ತಂದು, ಮುಚ್ಚಳ ತೆಗೆದು ತೋರಿಸಿದ. ಸಾವಿರಕ್ಕೆ ಸಾವಿರವೂ ಹಾಗೇ ಇತ್ತು.

"ನೋಡಿದಿರಾ!" ದೊರೆ ಮೀಸೆ ತಿರುವಿದ. "ಒಬ್ಬಳಾದರೂ ಸಾಲ ಬೇಕೆಂದು ಬಂದಿಲ್ಲ. ನನ್ನ ರಾಜ್ಯದ ಹೆಂಗಸರು ಅಷ್ಟು ಸುಖವಾಗಿದ್ದಾರೆ!"

ಸಭೆಯಲ್ಲಿ ಎಲ್ಲರೂ ಭಲೆ ಭಲೆ ಅಂದರು. ದೊರೆಗೆ ವೀಳ್ಯ ಮಡಿಸಿಕೊಡುವ ಸಂಕಣ್ಣ ಮಾತ್ರ ತಲೆ ತಗ್ಗಿಸಿ ಎಲೆಯ ತೊಟ್ಟು ಮುರಿಯುತ್ತಾ ಕೂತಿದ್ದ.

"ಯಾಕೋ ಸಂಕಣ್ಣ, ನಿನಗೆ ಸಂತೋಷವಿಲ್ಲವೇ?"

"ಬಹಳ ಸಂತೋಷ, ಪ್ರಭು. ನನಗೆ ಸುಣ್ಣ ಕೊಡುವ ದ್ಯಾಮವ್ವನೂ ಬಹಳ ಸುಖವಾಗಿದ್ದಾಳೆ. ಆ ಸುಖ ಎಷ್ಟೆಂದು ಅವಳ ಬಾಯಲ್ಲೇ ಕೇಳಬಹುದು. ಬೆಳಗಿನಿಂದ ಹೆಬ್ಬಾಗಿಲಲ್ಲಿ ಕಾಯುತ್ತಿದ್ದಾಳೆ."

ದ್ಯಾಮವ್ವ ಬಂದು ಕೈಮುಗಿದು ನಿಂತಳು. ಸುಣ್ಣ ಸುಟ್ಟೂ ಸುಟ್ಟೂ ಅವಳ ಅಂಗೈಗಳು ಬಿರಿದಿದ್ದವು.

"ನಿನಗೆ ಸಾಲ ಬೇಕಿತ್ತೇನಮ್ಮ?"

"ಬೇಕಿತ್ತು ದೊರೆ, ಐವತ್ತು ವರಹ. ಕೋಟೆ ಗೋಡೆಗೆ ಮಳೆಗಾಲದೊಳಗೆ ಸುಣ್ಣ ಬೇಕೆಂದು ನಿಮ್ಮವರೇ ಹೇಳಿಕಳಿಸಿದರು. ನನ್ನದು ಒಂದೇ ಭಟ್ಟಿ. ಇನ್ನೊಂದು ಕಟ್ಟದಿದ್ದರೆ ಆ ಕೆಲಸ ಪರವೂರಿನ ಸಾಹುಕಾರನ ಪಾಲು."

"ಮತ್ತೆ ಯಾಕೆ ಕೇಳಲಿಲ್ಲ?"

"ಏಳು ಸಲ ಕೇಳಿದೆ."

ದೊರೆ ವೀರಭದ್ರಯ್ಯನ ಕಡೆ ತಿರುಗಿದ. ಅವನೇನೂ ಕಂಗೆಡಲಿಲ್ಲ. "ಕೇಳಿದಳು ಪ್ರಭು, ಆದರೆ ಕ್ರಮವಾಗಿ ಕೇಳಲಿಲ್ಲ. ಕ್ರಮ ತಪ್ಪಿ ಬಂದ ಅರ್ಜಿಯನ್ನು ಬಂದದ್ದೆಂದು ನಾವು ಲೆಕ್ಕಕ್ಕೆ ಹಿಡಿಯುವುದಿಲ್ಲ."

"ಮೊದಲು ಹೊಲದ ಪತ್ರ ತಾ ಅಂದರು," ದ್ಯಾಮವ್ವ ಹೇಳಿದಳು. "ಹೊಲ ಮಾವನ ಹೆಸರಿನಲ್ಲಿದೆ. ಗಂಡನ ಒಪ್ಪಿಗೆ ತಾ ಅಂದರು. ಅವನು ಸತ್ತು ಆರು ವರ್ಷವಾಯಿತು. ಹಾಗಾದರೆ ಮೈದುನನ ಒಪ್ಪಿಗೆ ತಾ ಅಂದರು. ಅವನು ಕೂಡಲೇ ಒಪ್ಪಿದ. ಹಣ ಮಾತ್ರ ತನ್ನ ಕೈಗೇ ಕೊಡಬೇಕಂತೆ!"

ಸಭೆಯಲ್ಲಿ ನಗು ಎದ್ದಿತು. ದ್ಯಾಮವ್ವ ನಗಲಿಲ್ಲ.

"ಕೊನೆಗೆ, ಐದು ಮಂದಿ ಗುಂಪಾಗಿ ಬನ್ನಿ, ಒಬ್ಬರು ತೀರಿಸದಿದ್ದರೆ ಮಿಕ್ಕ ನಾಲ್ವರು ತೀರಿಸಬೇಕು ಅಂದರು. ಮಂಡಕ್ಕಿ ಹುರಿಯುವವಳು, ಬುಟ್ಟಿ ಹೆಣೆಯುವವಳು, ಬಳೆ ಮಾರುವವಳು, ಗಾಣದವಳು, ಹೀಗೆ ನಾಲ್ವರನ್ನು ಕರೆತಂದೆ. ಹೆಂಗಸಿಗೆ ಹೆಂಗಸು ನಿಂತರೆ ಅದು ಜಾಮೀನಲ್ಲ, ಹರಟೆ ಅಂದುಬಿಟ್ಟರು."

"ಬೊಕ್ಕಸದ ಹಣ, ಪ್ರಭು!" ವೀರಭದ್ರಯ್ಯ ದನಿ ಏರಿಸಿದ. "ಒಬ್ಬರಿಗೊಬ್ಬರು ಗಟ್ಟಿಯಾಗಿ ನಿಲ್ಲುವವರು ಬೇಕಲ್ಲವೇ?"

ಸಂಕಣ್ಣ ದೊರೆಯ ಕೈಗೆ ವೀಳ್ಯ ಕೊಟ್ಟ. "ಎಂಥ ಒಳ್ಳೆಯ ಕ್ರಮ! ಇದು ಬರೀ ಹೆಂಗಸರಿಗೆ ಯಾಕೆ? ನಮ್ಮ ಐವರು ಮಂತ್ರಿಗಳು ಹಬ್ಬಕ್ಕೆಂದು ಬೊಕ್ಕಸದಿಂದ ತಲಾ ನೂರು ವರಹ ಮುಂಗಡ ಒಯ್ಯುತ್ತಾರೆ. ಅವರೇ ಮೊದಲು ಒಬ್ಬರಿಗೊಬ್ಬರು ಜಾಮೀನು ಬರೆದುಕೊಟ್ಟರೆ ಊರಿಗೆಲ್ಲ ಮಾದರಿಯಾಗುತ್ತದೆ."

"ಭೇಷ್!" ದೊರೆ ತೊಡೆ ತಟ್ಟಿದ. "ನನ್ನ ಐವರದು ದೇಹ ಐದು, ಜೀವ ಒಂದೇ. ಕಾಗದ ತನ್ನಿ!"

ಕಾಗದ ಬಂತು, ಲೇಖನಿಯೂ ಬಂತು. ದಳವಾಯಿ ಕೈ ಚಾಚಲಿಲ್ಲ.

"ಪ್ರಭು, ನನ್ನ ಪ್ರಾಣ ಕೇಳಿ, ಕೊಡುತ್ತೇನೆ. ಆದರೆ ವೀರಭದ್ರಯ್ಯನವರ ಹಣಕ್ಕೆ ನಾನು ನಿಲ್ಲುವುದೇ? ಅವರು ಸ್ವಂತ ಅಳಿಯನಿಂದ ತಂದದ್ದನ್ನೇ ಇನ್ನೂ ತಿರುಗಿ ಕೊಟ್ಟಿಲ್ಲ."

"ಓಹೋ, ಇವರ ಪಗಡೆಯಾಟದ ಬಾಕಿ ತೀರಿಸುವವರು ಯಾರೋ!" ವೀರಭದ್ರಯ್ಯ ಸಿಡುಕಿದ.

ಪ್ರಧಾನಿಗೆ ಇದ್ದಕ್ಕಿದ್ದಂತೆ ಕಣ್ಣು ಮಂಜಾಗಿ ಅಕ್ಷರವೇ ಕಾಣಿಸದಾಯಿತು. ಸುಂಕದ ಮಂತ್ರಿ "ಮನೆಯವಳನ್ನು ಒಂದು ಮಾತು ಕೇಳಿ ಬರುತ್ತೇನೆ" ಎಂದು ಎದ್ದು ನಿಂತ. ಐದನೆಯವನು ಹೊಟ್ಟೆನೋವೆಂದು ಆಗಲೇ ಬಾಗಿಲು ದಾಟಿದ್ದ.

ಹೊತ್ತು ನೆತ್ತಿಗೇರಿತು. ಕಾಗದದ ಮೇಲೆ ಒಂದು ರುಜುವೂ ಬೀಳಲಿಲ್ಲ. ದೊರೆಯ ಮುಖ ಕೆಂಪೇರಿತು.

"ಥೂ! ಒಬ್ಬರನ್ನೊಬ್ಬರು ನಂಬುವ ಐದು ಜನ ನನ್ನ ರಾಜ್ಯದಲ್ಲೇ ಇಲ್ಲವೇ?"

"ಇದ್ದಾರೆ ಪ್ರಭು," ಎಂದ ಸಂಕಣ್ಣ. "ಒಬ್ಬಳು ಇಲ್ಲೇ ನಿಂತಿದ್ದಾಳೆ. ಮಿಕ್ಕ ನಾಲ್ವರನ್ನು ಕಾವಲುಗಾರ ಒಳಗೆ ಬಿಟ್ಟಿಲ್ಲ."

ದೊರೆ ಖಾಲಿ ಕಾಗದದ ಕಡೆ ನೋಡಿದ, ದ್ಯಾಮವ್ವನ ಕಡೆ ನೋಡಿದ. ಆಮೇಲೆ ನಗತೊಡಗಿದವನು ವೀಳ್ಯದ ರಸ ಎದೆಗಿಳಿದರೂ ನಿಲ್ಲಿಸಲಿಲ್ಲ. ನಾಲ್ವರೂ ಒಳಗೆ ಬಂದರು. ಎರಡನೇ ಸಲ ಹೇಳಿಸಿಕೊಳ್ಳದೆ ಹೆಬ್ಬೆಟ್ಟು ಒತ್ತಿದರು.

"ಇಷ್ಟು ನಂಬಿಕೆ ಹೇಗೆ ಬಂತಮ್ಮ?" ದೊರೆ ಕೇಳಿದ.

"ಒಬ್ಬರ ಹೆರಿಗೆಗೆ ಇನ್ನೊಬ್ಬರು ನಿಂತವರು ನಾವು, ದೊರೆ," ಎಂದಳು ದ್ಯಾಮವ್ವ. "ಜೀವಕ್ಕೇ ನಿಂತಿದ್ದೇವೆ, ಐವತ್ತು ವರಹಕ್ಕೆ ಓಡಿಹೋಗುತ್ತೇವೆಯೇ?"

ದೊರೆ ತನ್ನ ಕೊರಳ ಮುತ್ತಿನ ಸರ ತೆಗೆದು ಸಂಕಣ್ಣನಿಗೆ ಹಾಕಿದ. ಐವರು ಹೆಂಗಸರಿಗೂ ಅಲ್ಲೇ ಹಣ ಎಣಿಸಿಕೊಡುವಂತೆ ಅಪ್ಪಣೆಯಾಯಿತು. ವೀರಭದ್ರಯ್ಯ ಮುಖ ಹುಳ್ಳಗೆ ಮಾಡಿಕೊಂಡು ಕಡತ ಬಿಚ್ಚಿದ, ದ್ಯಾಮವ್ವನ ಹೆಸರು ಬರೆದ. ಲೇಖನಿ ಅಲ್ಲಿಗೇ ನಿಂತಿತು.

"ಪ್ರಭು, ಗಂಡನ ರುಜುವಿಗೆ ಇಲ್ಲೊಂದು ಜಾಗವಿದೆಯಲ್ಲ... ಅದನ್ನು ಹಾಗೇ ಖಾಲಿ ಬಿಡಲಾಗುತ್ತದೆಯೇ?"

"ಅಲ್ಲಿಗೆ ಸುಣ್ಣ ಬಳಿಯಿರಿ ಸ್ವಾಮಿ," ಎಂದಳು ದ್ಯಾಮವ್ವ. "ಹೊಸ ಭಟ್ಟಿಯ ಮೊದಲ ಬುಟ್ಟಿ ನಿಮ್ಮ ಕಚೇರಿಗೆ ಪುಕ್ಕಟೆ."