ಉಗ್ರಾಣದಲ್ಲಿ ಬೆಳೆದ ನಾಯಿಮರಿ

"ಗುರುಗಳೇ, ಹೆದರುವವನ ಹೆದರಿಕೆ ಬಿಡಿಸುವುದು ಹೇಗೆ?"

ಕೇಳಿದ ಶಿಷ್ಯ ಏದುಸಿರು ಬಿಡುತ್ತಿದ್ದ. ಕೆರೆಯ ಏರಿಯ ಮೇಲಿಂದ ನೇರವಾಗಿ ಓಡಿ ಬಂದಿದ್ದ.

ಮಠಕ್ಕೆ ಹೊಸದಾಗಿ ಸೇರಿದ ಚನ್ನವೀರ ಎಂಬ ಯುವಕನನ್ನು ಗುರುಗಳು ಈ ಶಿಷ್ಯನ ಕೈಗೆ ಒಪ್ಪಿಸಿದ್ದರು. ಚನ್ನವೀರ ಊರಾಚೆಯ ಒಂಟಿ ಮನೆಯಲ್ಲಿ ಬೆಳೆದವನು. ನಾಲ್ಕು ಜನ ಸೇರಿದ ಕಡೆ ಅವನ ಬಾಯಿ ಕಟ್ಟುತ್ತಿತ್ತು. ಅಂದು ಬೆಳಗಿನ ಸಭೆಯಲ್ಲಿ ಶಿಷ್ಯ ಅವನನ್ನು ರಟ್ಟೆ ಹಿಡಿದು ಜಗಲಿಯ ಮೇಲೆ ನಿಲ್ಲಿಸಿದ್ದ. ಪಾಠ ಒಪ್ಪಿಸದೆ ಇಳಿಯಕೂಡದು ಎಂದು ಮೆಟ್ಟಿಲಿಗೆ ಅಡ್ಡ ನಿಂತಿದ್ದ. ಚನ್ನವೀರ ಬೆವರಿದ, ತಡವರಿಸಿದ, ಕೊನೆಗೆ ಜಗಲಿಯ ಇನ್ನೊಂದು ಬದಿಯಿಂದ ಹಾರಿ ಓಡಿಹೋದ. ಈಗ ಕೆರೆಯಾಚೆಯ ಪಾಳು ಮಂಟಪದಲ್ಲಿ ಕೂತಿದ್ದ. ಯಾರಾದರೂ ಹತ್ತಿರ ಹೋದರೆ ಎದ್ದು ಇನ್ನಷ್ಟು ದೂರ ನಡೆಯುತ್ತಿದ್ದ. ಮಂಟಪದ ಆಚೆಗೆ ಕಾಡು.

"ಹೊತ್ತು ಇಳಿಯುತ್ತಿದೆ. ಇಬ್ಬರನ್ನು ಕರೆದುಕೊಂಡು ಹೋಗಿ ಹಿಡಿದು ತರಲೇ? ನಾನು ಮಾಡಿದ್ದೆಲ್ಲ ಅವನ ಒಳ್ಳೆಯದಕ್ಕೇ" ಎಂದ ಶಿಷ್ಯ.

ಗುರುಗಳು ಕೂರಲು ಸನ್ನೆ ಮಾಡಿದರು. ಶಿಷ್ಯ ಕೂರಲಿಲ್ಲ. ಗುರುಗಳು ನಿಂತವನಿಗೇ ಹೇಳತೊಡಗಿದರು.

ಒಬ್ಬ ಕುರಿಗಾಹಿ ಇದ್ದ. ಹೆಸರು ಮಾಳಪ್ಪ. ಅವನೂ ಅವನ ಹೆಂಡತಿ ಹಾಲವ್ವನೂ ಬೇರೆ ಕೆಲವು ಕುಟುಂಬಗಳ ಜೊತೆ ಬಯಲಿನಿಂದ ಬಯಲಿಗೆ ಕುರಿ ಹೊಡೆದುಕೊಂಡು ಹೋಗುತ್ತಿದ್ದರು. ಒಂದು ವರ್ಷ ಅವರು ಬೀಡುಬಿಟ್ಟ ಬಯಲಿನಲ್ಲಿ ತೋಳಗಳ ಕಾಟ ಹೆಚ್ಚಾಯಿತು. ಮಾಳಪ್ಪನ ಹಟ್ಟಿ ಬೀಡಿನ ಅಂಚಿನಲ್ಲಿತ್ತು. ತೋಳ ಮೊದಲು ಬಂದದ್ದು ಅಲ್ಲಿಗೇ. ಅವನ ಹಳೆಯ ನಾಯಿ ಅಡ್ಡ ಹೋಯಿತು, ಸತ್ತಿತು.

ನಾಯಿಯಿಲ್ಲದ ಹಟ್ಟಿ ಬಾಗಿಲಿಲ್ಲದ ಮನೆ. ಮಾಳಪ್ಪ ಪೇಟೆಗೆ ಹೋದ. ಅಲ್ಲಿ ಒಬ್ಬ ವರ್ತಕನ ಬಳಿ ಒಳ್ಳೆಯ ತಳಿಯ ಕಾವಲು ನಾಯಿ ಇತ್ತು. ಅದು ಉಗ್ರಾಣದಲ್ಲಿ ಮರಿ ಹಾಕಿತ್ತು. ಬೇರೆಯವನ್ನೆಲ್ಲ ಜನ ಒಯ್ದಿದ್ದರು. ಒಂದು ಮಾತ್ರ ಮೂಟೆಗಳ ಸಂದಿಯಲ್ಲಿ ಸೇರಿಕೊಂಡು ಯಾರ ಕೈಗೂ ಸಿಗದೆ ಉಳಿದಿತ್ತು. ಆಳು ಬಾಗಿಲ ಸಂದಿಯಿಂದ ಅನ್ನ ತಳ್ಳುತ್ತಿದ್ದ. ಹೊರಗೆ ಬಂದರೆ ಕೋಲಿನಿಂದ ಒಳಗೆ ಅಟ್ಟುತ್ತಿದ್ದ. ಆ ಮರಿ ಬಯಲು ನೋಡಿರಲಿಲ್ಲ, ಗಾಳಿ ನೋಡಿರಲಿಲ್ಲ. ಮೈದಡವುವ ಕೈಯನ್ನೂ ಕಂಡಿರಲಿಲ್ಲ.

ಮಾಳಪ್ಪ ಅದನ್ನು ಕಂಬಳಿಯಲ್ಲಿ ಸುತ್ತಿ ತಂದ. ಬಿಚ್ಚಿದ ಕೂಡಲೇ ಅದು ಬಲೆಯ ರಾಶಿಯ ಕೆಳಗೆ ನುಗ್ಗಿತು. ಹಟ್ಟಿಯ ಸುತ್ತ ಕಟ್ಟಲು ಇಟ್ಟಿದ್ದ ಬಲೆ ಅದು. ಕುರಿ ಕೆಮ್ಮಿದರೆ ಮರಿ ಉಚ್ಚೆ ಹೊಯ್ದುಕೊಳ್ಳುತ್ತಿತ್ತು. ಮಾಳಪ್ಪ ಕೋಲು ಊರಿಕೊಂಡು ನಡೆದರೆ ನೆಲಕ್ಕೆ ಅಂಟಿಕೊಳ್ಳುತ್ತಿತ್ತು.

ಬೀಡಿನ ಹಿರಿಯ ಬಂದು ನೋಡಿದ.

"ಮಾಳಪ್ಪ, ಅಮಾವಾಸ್ಯೆ ಕಳೆದ ಮೇಲೆ ಹೊಳೆ ದಾಟಿ ಗುಡ್ಡದ ಕಡೆ ಹೋಗುತ್ತೇವೆ. ಅಲ್ಲಿ ತೋಳ ಇನ್ನೂ ಹೆಚ್ಚು. ಕುರಿ ಜೊತೆ ನಡೆಯದ ನಾಯಿ ನಮ್ಮ ಜೊತೆ ಬರುವುದು ಬೇಡ. ಇಲ್ಲೇ ಬಿಟ್ಟುಬಿಡು."

ಇಲ್ಲೇ ಬಿಡುವುದೆಂದರೆ ತೋಳಕ್ಕೆ ಬಿಡುವುದು. ಇದು ಎಲ್ಲರಿಗೂ ಗೊತ್ತಿತ್ತು.

ಮಾಳಪ್ಪನಿಗೆ ಅವಸರ ಹತ್ತಿತು. 'ಕುರಿಗೆ ಹೆದರುವುದನ್ನು ಕುರಿಯ ನಡುವೆಯೇ ಕಟ್ಟಬೇಕು. ಅತ್ತು ಅತ್ತು ತಾನೇ ಸುಮ್ಮನಾಗುತ್ತದೆ' ಎಂದುಕೊಂಡ. ಮರಿಯ ಕತ್ತಿಗೆ ಹಗ್ಗ ಹಾಕಿ ಎಳೆದ. ಅದು ನಾಲ್ಕು ಕಾಲನ್ನೂ ಊರಿ ನಿಂತಿತು. ಅವನು ಹಾಗೆಯೇ ದರದರ ಎಳೆದುಕೊಂಡು ಹೋಗಿ ಹಟ್ಟಿಯ ನಡುವಿನ ಗೂಟಕ್ಕೆ ಕಟ್ಟಿದ.

ಮರಿ ಹಾಕಿದ್ದ ಕುರಿಯೊಂದು ಅಲ್ಲಿತ್ತು. ಅದು ತಲೆ ತಗ್ಗಿಸಿ ಬಂದು ಗುದ್ದಿತು. ನಾಯಿಮರಿ ಗೂಟದ ಸುತ್ತ ಓಡಿತು. ಹಗ್ಗ ಸುತ್ತಿಕೊಂಡು ಗಿಡ್ಡವಾಯಿತು. ಕತ್ತು ಬಿಗಿಯಿತು, ಕಣ್ಣು ಹೊರಬಂತು, ಕೂಗು ನಿಂತಿತು.

ಹಾಲವ್ವ ಓಡಿ ಬಂದು ಕುಣಿಕೆ ಸಡಿಲಿಸಿದಳು. ಉಸಿರು ಬಂದ ಕೂಡಲೇ ಮರಿ ಅವಳ ಬಲಗೈ ಕಚ್ಚಿತು. ಹಲ್ಲು ಅಂಗೈಯ ಒಳಗೆ ಇಳಿಯಿತು.

ಮಾಳಪ್ಪ ಕೋಲು ಎತ್ತಿದ.

ಹಾಲವ್ವ ನಡುವೆ ನಿಂತಳು. ಕೈಯಿಂದ ರಕ್ತ ತೊಟ್ಟಿಕ್ಕುತ್ತಿತ್ತು. "ಕಚ್ಚಿದ್ದು ನನ್ನನ್ನು. ಶಿಕ್ಷೆ ಕೊಡುವುದಾದರೆ ನಾನು ಕೊಡುತ್ತೇನೆ" ಎಂದಳು.

"ಕಚ್ಚುವ ನಾಯಿ ಇಟ್ಟುಕೊಂಡು ಏನು ಮಾಡುತ್ತೀ?"

"ಹೊರಡುವ ದಿನದವರೆಗೆ ನನಗೆ ಬಿಡಿ. ಅಲ್ಲಿಯವರೆಗೆ ನೀವು ಅದರ ಹತ್ತಿರ ಬರಬೇಡಿ."

ಮಾಳಪ್ಪನನ್ನು ಈ ಮಾತು ನಾಯಿ ಕಚ್ಚಿದ್ದಕ್ಕಿಂತ ಹೆಚ್ಚು ನೋಯಿಸಿತು. ತಾನು ತಂದ ನಾಯಿ, ತನ್ನ ಹಟ್ಟಿ. ಆದರೂ ಕೋಲು ಇಳಿಸಿದ.

ಹಾಲವ್ವನಿಗೆ ನಾಯಿ ಪಳಗಿಸುವ ವಿದ್ಯೆ ಏನೂ ಗೊತ್ತಿರಲಿಲ್ಲ. ಅವಳ ಕೈ ಊದಿಕೊಂಡಿತ್ತು. ರೊಟ್ಟಿ ಬಡಿಯುವಂತಿರಲಿಲ್ಲ, ನೀರು ಹೊರುವಂತಿರಲಿಲ್ಲ. ಪಕ್ಕದ ಗುಡಾರದವರು ರೊಟ್ಟಿ ಕೊಡುತ್ತಿದ್ದರು. ಅವಳು ಬಲೆಯ ರಾಶಿಗೆ ಬೆನ್ನು ಹಾಕಿ ಕೂತು ಎಡಗೈಯಿಂದ ಉಣ್ಣೆಯ ಕಸ ಆರಿಸುತ್ತಿದ್ದಳು. ತಿಂದು ಉಳಿದ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಹಿಂದಕ್ಕೆ ಎಸೆಯುತ್ತಿದ್ದಳು. ತಿರುಗಿ ನೋಡುತ್ತಿರಲಿಲ್ಲ. ನೋಡಿದರೆ ಮರಿ ತಿನ್ನುವುದನ್ನು ನಿಲ್ಲಿಸುತ್ತದೆ ಎಂಬುದು ಮೊದಲ ದಿನವೇ ತಿಳಿದುಹೋಗಿತ್ತು.

ಮರಿ ಮೂಗು ಹೊರಗೆ ಹಾಕಿತು. ಆಮೇಲೆ ತಲೆ. ಆಮೇಲೆ ಮುಂಗಾಲು. ಒಂದು ದಿನ ಅವಳ ಸೆರಗನ್ನು ಮೂಸಿತು. ಹಾಲವ್ವನಿಗೆ ಹಿಗ್ಗು ತಡೆಯಲಾಗಲಿಲ್ಲ. ತಿರುಗಿ ತಲೆ ಸವರಲು ಕೈ ಚಾಚಿದಳು. ಮರಿ ಕಿರುಚಿ ಬಲೆಯ ತಳಕ್ಕೆ ಹೋಯಿತು. ಆ ದಿನವೆಲ್ಲ ಹೊರಗೆ ಬರಲಿಲ್ಲ. ಮರುದಿನವೂ ಬರಲಿಲ್ಲ. ಅವಳು ಮತ್ತೆ ದೂರ ಹೋಗಿ ಕೂತಳು. ಮೊದಲಿನಿಂದ ಎಲ್ಲ ಮತ್ತೆ ಆಯಿತು. ಆಮೇಲೆ ಅವಳು ಎಂದೂ ಕೈ ಚಾಚಲಿಲ್ಲ. ಬೇಕಾದರೆ ಅದೇ ಬರಲಿ ಎಂದು ಸುಮ್ಮನಿದ್ದಳು.

ಬೀಡಿನವರು ನಕ್ಕರು. "ಹಾಲವ್ವ, ನಾಯಿ ಕುರಿ ಕಾಯುತ್ತದೆಯೋ, ನೀನೇ ನಾಯಿ ಕಾಯುತ್ತೀಯೋ?" ಎಂದರು. ಅವಳು ಉಣ್ಣೆ ಆರಿಸುತ್ತಲೇ ಇದ್ದಳು. ಒಳಗೊಳಗೆ ಅವಳಿಗೂ ದಿಗಿಲಿತ್ತು. ಚಂದ್ರ ದಿನದಿನಕ್ಕೆ ಸವೆಯುತ್ತಿದ್ದ. ಪಕ್ಕದ ಹಟ್ಟಿಯಿಂದ ತೋಳ ಮತ್ತೊಂದು ಕುರಿಮರಿ ಒಯ್ದಿತ್ತು.

ಒಂದು ದಿನ ಮಾಳಪ್ಪ ಹಿಂಡನ್ನು ನೀರಿಗೆ ಹೊಡೆದುಕೊಂಡು ಹೋಗಿದ್ದ. ನಡೆಯಲಾರದ ಒಂದೆರಡು ಕುರಿಗಳೂ ಎಳೆಯ ಕುರಿಮರಿಗಳೂ ಹಟ್ಟಿಯಲ್ಲಿ ಉಳಿದಿದ್ದವು. ನಾಯಿಮರಿ ಬಲೆಯ ಅಡಿಯಿಂದ ಪೂರ್ತಿ ಹೊರಗೆ ಬಂತು. ಹಟ್ಟಿಯ ಕಡೆ ಮುಖ ಮಾಡಿ ಕೂತಿತು. ಕುರಿಮರಿಯೊಂದು ಬಂದು ಅದರ ಮೂತಿ ಮೂಸಿತು. ನಾಯಿಮರಿ ಓಡಲಿಲ್ಲ. ತಾನೂ ಮೂಸಿತು. ಕಾಲು ನಡುಗುತ್ತಿದ್ದವು, ಆದರೂ ಕೂತೇ ಇತ್ತು.

ಅಷ್ಟರಲ್ಲಿ ದೂರದಿಂದ ಮಾಳಪ್ಪನ ಕೆಮ್ಮು ಕೇಳಿಸಿತು. ನಾಯಿಮರಿ ಇದ್ದಲ್ಲಿಂದ ಮಾಯವಾಯಿತು. ಬಲೆಯ ರಾಶಿ ಅಲುಗಿತು.

ಉಂಡಾದ ಮೇಲೆ ಹಾಲವ್ವ ಗಂಡನಿಗೆ ಹೇಳಿದಳು. "ಅದು ಕುರಿಗೆ ಹೆದರುವುದಿಲ್ಲ."

ಮತ್ತೆ ಯಾರಿಗೆ ಎಂದು ಮಾಳಪ್ಪ ಕೇಳಲಿಲ್ಲ. ಎದ್ದು ಹೊರಗೆ ಹೋದ.

ಎರಡು ದಿನ ಅವನು ಹೆಂಡತಿಯ ಜೊತೆ ಮಾತಾಡಲಿಲ್ಲ. ಆಮೇಲೆ ಒಂದು ಮಧ್ಯಾಹ್ನ ಕೋಲನ್ನು ಗುಡಾರದಲ್ಲೇ ಇಟ್ಟು ಬಂದ. ಬಲೆಯ ರಾಶಿಯಿಂದ ಬಹುದೂರದಲ್ಲಿ ಬೆನ್ನು ಹಾಕಿ ಕೂತ. ಹಿಂಡನ್ನು ಆಳಿದವನಿಗೆ ಒಂದು ನಾಯಿಮರಿಯ ಮುಂದೆ ಹಾಗೆ ಕೂರುವುದು ಸುಲಭವಾಗಿರಲಿಲ್ಲ. ಬೀಡಿನವರು ನೋಡುತ್ತಾರೆಂದು ಕಿವಿ ಬಿಸಿಯಾಯಿತು. ಮರಿ ಬರಲಿಲ್ಲ. ಮರುದಿನವೂ ಕೂತ. ಆಗಲೂ ಬರಲಿಲ್ಲ. ಅವನು ಎಸೆದ ರೊಟ್ಟಿಯನ್ನು ಕಾಗೆ ತಿಂದಿತು. ಮೂರನೆಯ ಸಲ ಕೂತು ಎದ್ದುಹೋದ ಮೇಲೆ ಆ ಜಾಗಕ್ಕೆ ಮರಿ ಬಂದು ನೆಲ ಮೂಸಿದ್ದನ್ನು ಹಾಲವ್ವ ಕಂಡಳು. ಅವನಿಗೆ ಹೇಳಿದಳು. ಅವನು ಮತ್ತೆ ಬಂದು ಕೂತ.

ಹೊರಡುವುದಕ್ಕೆ ಮುಂಚಿನ ಸಂಜೆ. ಹೊತ್ತು ಮುಳುಗುವುದರಲ್ಲಿತ್ತು. ಹಾಲವ್ವ ನೀರಿಗೆ ಹೋಗಿದ್ದಳು. ಬೀಡಿನವರು ಸಾಮಾನು ಕಟ್ಟುತ್ತಿದ್ದರು. ಮಾಳಪ್ಪ ಒಬ್ಬನೇ ಬೆನ್ನು ಹಾಕಿ ಕೂತಿದ್ದ. ಕುರಿಗಳು ಹಟ್ಟಿಯೊಳಗೆ ಮಲಗಿದ್ದವು.

ಅವನ ಬೆನ್ನಿಗೆ ಏನೋ ಒತ್ತಿತು.

ಅದು ನಾಯಿಮರಿ. ಇಡೀ ಮೈ ನಡುಗುತ್ತಿತ್ತು. ಆ ನಡುಕ ಅಂಗಿಯ ಮೂಲಕ ಅವನ ಎಲುಬಿಗೆ ತಾಕಿತು. ಮರಿ ಅವನ ಬಳಿಗೆ ಬಂದದ್ದು ಅದೇ ಮೊದಲು. ಅವನಿಗೆ ಸಂತೋಷವಾಯಿತು. ಆದರೆ ಸಂತೋಷಕ್ಕಿಂತ ಮೊದಲು ಅನುಮಾನ ಬಂತು. ಇಷ್ಟು ಹೆದರುವ ಪ್ರಾಣಿ ಬಲೆಯ ಅಡಿಗೆ ಹೋಗದೆ ಇಲ್ಲಿಗೆ ಏಕೆ ಬಂತು?

ಅವನು ಮರಿಯನ್ನು ಮುಟ್ಟಲಿಲ್ಲ. ಮೆಲ್ಲಗೆ ತಿರುಗಿದ. ಮರಿ ನೋಡುತ್ತಿದ್ದ ಕಡೆಗೆ ನೋಡಿದ. ಹಟ್ಟಿಯ ಆಚೆ ಹುಲ್ಲು ಅಲ್ಲಾಡುತ್ತಿತ್ತು. ಗಾಳಿ ಇರಲಿಲ್ಲ. ಹುಲ್ಲಿನ ನಡುವೆ ಎರಡು ಕಿವಿ ಎದ್ದವು. ತೋಳ ಬಲೆಯ ಬೇಲಿಯ ತೀರ ಹತ್ತಿರ ಬಂದಿತ್ತು.

ಕೈಯಲ್ಲಿ ಕೋಲಿಲ್ಲ. ಮಾಳಪ್ಪ ಎದ್ದು ನಿಂತ. ಬರಿಗೈ ಮೇಲೆತ್ತಿ ಕೂಗಿದ. ಮರಿ ಅವನ ಎರಡು ಕಾಲುಗಳ ನಡುವೆ ಸೇರಿಕೊಂಡಿತ್ತು. ಅವನ ಕೂಗಿಗೆ ಅದು ಓಡಲಿಲ್ಲ. ಅಲ್ಲಿಂದಲೇ ಒಂದು ಸಲ ಬೊಗಳಿತು. ಒಡಕು ದನಿ. ಮತ್ತೊಂದು ಸಲ ಬೊಗಳಿತು. ಬೀಡಿನ ನಾಯಿಗಳೆಲ್ಲ ಕೇಳಿ ನುಗ್ಗಿ ಬಂದವು. ತೋಳ ತಿರುಗಿ ಹುಲ್ಲಿನಲ್ಲಿ ಮರೆಯಾಯಿತು.

ಹಾಲವ್ವ ಕೊಡ ಬಿಸುಟು ಓಡಿ ಬಂದಾಗ ಗಂಡ ಹಾಗೆಯೇ ನಿಂತಿದ್ದ. ಕಾಲು ಎತ್ತಿದರೆ ಮರಿ ಬೆದರೀತೆಂದು ಅಲುಗದೆ ನಿಂತಿದ್ದ. ಅವನ ಕಣ್ಣು ಒದ್ದೆಯಾಗಿತ್ತು.

ಬೆಳಗಾಯಿತು. ಬೀಡು ಹೊರಟಿತು. ನಾಯಿಮರಿ ಹಾಲವ್ವನ ಹಿಂದೆ ನಡೆಯಿತು. ಹೊಳೆಯ ದಂಡೆಯಲ್ಲಿ ನಿಂತುಬಿಟ್ಟಿತು. ಹರಿಯುವ ನೀರನ್ನು ಅದು ಕಂಡದ್ದೇ ಇಲ್ಲ. ಹಿಂಡು ನೀರಿಗಿಳಿಯಿತು. ಮರಿ ದಂಡೆಯ ಮೇಲೆ ಅತ್ತ ಇತ್ತ ಓಡಿ ಕುಂಯ್‌ಗುಟ್ಟಿತು.

"ಹೊತ್ತಾಯಿತು ಮಾಳಪ್ಪ. ಕತ್ತು ಹಿಡಿದು ಎತ್ತಿ ಆಚೆಗೆ ಎಸೆ. ಇಲ್ಲ ಬಿಟ್ಟು ನಡೆ" ಎಂದ ಹಿರಿಯ.

ಮಾಳಪ್ಪನ ಕೈ ಮುಂದೆ ಹೋಯಿತು. ಮರಿ ಕಿವಿ ಹಿಂದಕ್ಕೆ ಒತ್ತಿ ನೆಲಕ್ಕೆ ಕುಸಿಯಿತು. ಅವನು ಕೈ ಹಿಂದೆ ತೆಗೆದುಕೊಂಡ.

"ನೀವು ನಡೆಯಿರಿ ಹಿರಿಯರೇ. ನಾವು ಹಿಂದಿನಿಂದ ಬರುತ್ತೇವೆ" ಎಂದ.

"ಹಿಂದೆ ಉಳಿದವರಿಗೆ ಗುಡ್ಡದ ದಾರಿಯಲ್ಲಿ ಜೊತೆ ಸಿಗುವುದಿಲ್ಲ."

"ಗೊತ್ತು."

ಬೀಡು ಮುಂದೆ ಹೋಯಿತು. ಮಾಳಪ್ಪ ತನ್ನ ಹಿಂಡನ್ನು ಆಚೆ ದಡದಲ್ಲಿ ನಿಲ್ಲಿಸಿದ. ಗಂಡಹೆಂಡಿರು ಅಲ್ಲೇ ಕೂತರು. ಮರಿ ಈಚೆ ದಡದಲ್ಲಿ ಒಂಟಿಯಾಗಿ ನಿಂತಿತ್ತು. ಅದರ ಹಿಂದೆ ಬಿಟ್ಟು ಬಂದ ಬಯಲು, ಆ ಬಯಲಿನಲ್ಲಿ ತೋಳ. ಬಿಸಿಲು ಏರಿತು. ಹಾಲವ್ವ ಒಮ್ಮೆ ಎದ್ದಳು. ಗಂಡ ತಲೆಯಾಡಿಸಿದ. ಅವಳು ಮತ್ತೆ ಕೂತಳು. ಇಬ್ಬರೂ ಕರೆಯಲಿಲ್ಲ. ಇಬ್ಬರೂ ಹೊರಡಲಿಲ್ಲ.

ಮರಿ ಒಂದು ಕಾಲು ನೀರಿಗೆ ಇಟ್ಟಿತು. ಹಿಂದಕ್ಕೆ ತೆಗೆಯಿತು. ಮತ್ತೆ ಇಟ್ಟಿತು. ಬಹಳ ಹೊತ್ತಿನ ಮೇಲೆ ಹೊಟ್ಟೆಯವರೆಗೆ ಇಳಿಯಿತು. ನೆಲ ತಪ್ಪಿತು. ಮುಳುಗಿತು. ಹಾಲವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ತಲೆ ಮೇಲೆದ್ದಿತು. ಕಾಲು ಬಡಿಯುತ್ತಾ ಬಂದು ದಡ ಹತ್ತಿತು. ಮೈ ಕೊಡವಿ ನೇರವಾಗಿ ಮಾಳಪ್ಪನ ಬಳಿಗೆ ಹೋಗಿ, ಅವನ ಮಡಿಲಿನಲ್ಲಿ ತಲೆಯಿಟ್ಟಿತು.

ಆಗ ಅವನು ಮೊದಲ ಬಾರಿ ಅದರ ಕತ್ತು ಸವರಿದ. ಹಗ್ಗ ಬಿಗಿದ ಗುರುತು ಕೂದಲಿನ ಅಡಿಯಲ್ಲಿ ಬೆರಳಿಗೆ ಸಿಕ್ಕಿತು.

ಗುಡ್ಡದ ದಾರಿಯನ್ನು ಅವರು ಒಂಟಿಯಾಗಿಯೇ ನಡೆದರು. ಕತ್ತಲಾಗುವ ಮುನ್ನ ಬೀಡನ್ನು ಕೂಡಿಕೊಂಡರು. ಆ ನಾಯಿ ಬಹಳ ಕಾಲ ಬದುಕಿತು. ತುಂಬ ಶೂರ ನಾಯಿಯೇನೂ ಆಗಲಿಲ್ಲ. ಗುಡುಗಿದರೆ ಕಡೆಯವರೆಗೂ ನಡುಗುತ್ತಿತ್ತು. ಆಗ ಬಂದು ಮಾಳಪ್ಪನ ಕಾಲಿಗೆ ಒರಗಿ ನಿಲ್ಲುತ್ತಿತ್ತು. ಸದ್ದು ನಿಂತ ಮೇಲೆ ಎದ್ದು ಹಟ್ಟಿಯ ಸುತ್ತ ಹೋಗುತ್ತಿತ್ತು.

ಕತೆ ಮುಗಿಯಿತು. ಶಿಷ್ಯ ಯಾವಾಗಲೋ ಕೂತಿದ್ದ. ಈಗ ಅವಸರದಿಂದ ಎದ್ದ.

"ತಿಳಿಯಿತು ಗುರುಗಳೇ. ಹಿಡಿದು ತರುವುದಿಲ್ಲ. ಒಳ್ಳೆಯ ಮಾತಿನಿಂದ ಕರೆತರುತ್ತೇನೆ. ಸಭೆಯ ಹೆದರಿಕೆಯನ್ನು ನಿಧಾನವಾಗಿ ಬಿಡಿಸುತ್ತೇನೆ."

ಗುರುಗಳು ಕೇಳಿದರು: "ಅವನು ಓಡಿದ್ದು ಸಭೆಗೆ ಹೆದರಿಯೋ, ನಿನಗೆ ಹೆದರಿಯೋ?"

ಶಿಷ್ಯ ಯಾರನ್ನೂ ಕರೆಯದೆ ಒಬ್ಬನೇ ಕೆರೆಯ ಏರಿ ದಾಟಿ ಹೋದ. ಪಾಳು ಮಂಟಪದಿಂದ ಬಹುದೂರದಲ್ಲೇ ಬೆನ್ನು ಹಾಕಿ ಕೂತ.