ಪರೀಕ್ಷೆಗೆ ಹೋಗದ ಸೊಪ್ಪು

"ಅಕ್ಷರ ಬಾರದೋಳು ನೀನು. ಮದ್ದು ಅರೆಯೋದು ರಾಗಿ ಬೀಸಿದಂಗಲ್ಲ ಕಣಮ್ಮಿ," ಎಂದು ನಾಟಿವೈದ್ಯ ಬೊಮ್ಮಯ್ಯ ಸೊಸೆ ಕೆಂಪಸಿದ್ದಮ್ಮನನ್ನು ಊರ ಮುಂದೆಯೇ ಹಂಗಿಸಿದ್ದ.

ಅವಳು ಹಟಮಾರಿ. ದಿನಸಿ ಕಟ್ಟಿಕೊಟ್ಟ ಕಾಗದಗಳನ್ನು ಬಿಡಿಸಿ ಅಕ್ಷರ ಕಲಿತಳು. ಕಾಡು ಸುತ್ತಿ ಗಿಡ ಗುರುತಿಸಿದಳು. ಮಾವ ಸತ್ತ ಮೇಲೆ ಸಕ್ಕರೆ ಕಾಯಿಲೆಗೆ ಅವಳು ಕೊಡುತ್ತಿದ್ದ ಕಹಿ ಸೊಪ್ಪಿನ ಪುಡಿಗೆ ಜನ ಬಸ್ಸು ಹತ್ತಿ ಬರತೊಡಗಿದರು. ಪುಡಿಯ ಜೊತೆ ಕಟ್ಟುನಿಟ್ಟಿನ ಪಥ್ಯ. ಮೂರು ತಿಂಗಳು ಅನ್ನವಿಲ್ಲ, ಬೆಲ್ಲವಿಲ್ಲ, ದಿನಾ ಎರಡು ಮೈಲಿ ನಡಿಗೆ. ಎಷ್ಟೋ ಜನ ಸುಧಾರಿಸಿದರು. ಎಲ್ಲ ಸೊಪ್ಪಿನ ಮಹಿಮೆ ಎಂದು ಅವಳು ನಂಬಿದಳು.

ಒಮ್ಮೆ ಕಾಲೇಜಿನ ಮೇಡಂ ಬಂದರು. "ಅಮ್ಮ, ಒಂದು ಹಿಡಿ ಸೊಪ್ಪು ಕೊಡಿ. ಸಾರ ತೆಗೆದು ಇಲಿಗಳಿಗೆ ಕೊಟ್ಟು ನೋಡ್ತೀವಿ. ಸಕ್ಕರೆ ಕಾಯಿಲೆಗೂ, ಕಹಿ ಸೊಪ್ಪು ಚಳಿಜ್ವರಕ್ಕೂ ಆಗುತ್ತೆ ಅಂತಾರಲ್ಲ, ಮಲೇರಿಯಾಕ್ಕೂ."

"ನಾನೇ ಒಂದು ಪರೀಕ್ಷೆ ಬರೀದೆ ಇಷ್ಟು ದೂರ ಬಂದೋಳು. ನನ್ನ ಸೊಪ್ಪಿಗ್ಯಾಕವ್ವ ಪರೀಕ್ಷೆ?"

ಮೇಡಂ ಬರಿಗೈಯಲ್ಲಿ ಹೋದರು.

ಅದೇ ವರ್ಷ ಅವಳ ತಂಗಿ ಚಿಕ್ಕತಾಯಿಗೆ ಸಕ್ಕರೆ ಕಾಯಿಲೆ ಬಂತು.

"ಆಸ್ಪತ್ರೆ ಮಾತ್ರೆ ಬಿಸಾಕು," ಎಂದಳು ಕೆಂಪಸಿದ್ದಮ್ಮ.

"ಪಥ್ಯ ಏನಕ್ಕಾ?"

"ಪಥ್ಯ ಹೊರಗಿನೋರಿಗೆ. ನನ್ನ ತಂಗಿಗೆ ಸೊಪ್ಪೇ ಸಾಕು."

"ಹಂಗಾದ್ರೆ ಹೋಳಿಗೆ?"

"ಎರಡು ತಿನ್ನು!"

ಇಬ್ಬರೂ ನಕ್ಕರು.

ಐದನೇ ತಿಂಗಳು ತಂಗಿಯ ಕಾಲಿನ ಸಣ್ಣ ಗಾಯ ಕಪ್ಪಾಯಿತು. "ಅಕ್ಕಾ, ಆ ಮೇಡಂಗೆ ಸೊಪ್ಪು ಕೊಟ್ಟುಬಿಡು. ನನಗೆ ಅನುಮಾನ ಅಲ್ಲ ಕಣೆ, ಭಯ." ಗೆದ್ದು ತೋರಿಸುವ ಹಟಕ್ಕೆ ಕೆಂಪಸಿದ್ದಮ್ಮ ಸೊಪ್ಪು ಕಳಿಸಿದಳು. ತಂಗಿಯನ್ನು ಮಾತ್ರ ತಡವಾಗಿ ಆಸ್ಪತ್ರೆಗೆ ಒಯ್ದಳು. ಒಂದೇ ವಾರಕ್ಕೆ ತಂಗಿ ತೀರಿಕೊಂಡಳು.

ವರ್ಷದ ತಿಥಿ ಕಳೆದ ಮೇಲೆ ಫಲಿತಾಂಶದ ಕಾಗದ ಬಂತು. ಕೆಂಪಸಿದ್ದಮ್ಮ ಯಾರ ಕೈಗೂ ಕೊಡದೆ ತಾನೇ ಕೂಡಿಸಿ ಕೂಡಿಸಿ ಓದಿದಳು. ಸೊಪ್ಪಿನ ಸಾರ ಕುಡಿದ ಇಲಿಗೂ ಬರೀ ನೀರು ಕುಡಿದ ಇಲಿಗೂ ಸಕ್ಕರೆಯಲ್ಲಿ ವ್ಯತ್ಯಾಸವಿಲ್ಲ. ಮಲೇರಿಯಾ ರೋಗಾಣುವಿನ ಮೇಲೂ ಪರಿಣಾಮವಿಲ್ಲ.

ಜನರನ್ನು ಕಾಪಾಡಿದ್ದು ಪಥ್ಯ. ಅದನ್ನೇ ಅವಳು ಪ್ರೀತಿಯಿಂದ ತಂಗಿಗೆ ಬಿಡಿಸಿದ್ದಳು.

ಇಂದು ಕೆಂಪಸಿದ್ದಮ್ಮನಿಗೆ ಹೆಂಚಿನ ಮದ್ದಿನ ಮನೆಯಿದೆ. ಬಾಗಿಲ ಮೇಲೆ ಅವಳದೇ ಹೆಸರಿನ ಬೋರ್ಡಿದೆ, ಅವಳೇ ಓದಬಲ್ಲಳು. ಪೆಟ್ಟಿಗೆಯಲ್ಲಿ ಆ ಕಾಗದವಿದೆ. ಅದನ್ನು ಓದುವ ಹೊತ್ತಿಗೆ ಅವಳು ತಂಗಿಯನ್ನು ಕಳೆದುಕೊಂಡಾಗಿತ್ತು.

ನೀತಿ: ಕಷ್ಟಪಟ್ಟು ಕಲಿತೆವು ಎಂದ ಮಾತ್ರಕ್ಕೆ ಕಲಿತದ್ದೆಲ್ಲ ನಿಜವಾಗುವುದಿಲ್ಲ. ನಮ್ಮ ನಂಬಿಕೆಯನ್ನು ನಮ್ಮವರ ಬಾಯಿಗೆ ಹಾಕುವ ಮೊದಲು ಪರೀಕ್ಷೆಗೆ ಒಡ್ಡಬೇಕು. ತಡವಾಗಿ ಬಂದ ಸತ್ಯ ಸತ್ತವರನ್ನು ಎಬ್ಬಿಸದು.