ಹೋಗದ ಕೊಳೆ

"ಕೇಳಿರಪ್ಪಾ ಕೇಳಿ! ಅರಮನೆ ಕೆರೆಯ ನೀರು ಕುಡಿದು ಕೂತಿರುವ ರಾಕ್ಷಸನ ಮೂರು ಒಗಟು ಬಿಡಿಸಿದವರಿಗೆ ಕೇಳಿದ್ದು ಕೊಡಲಾಗುವುದು. ತಪ್ಪಿದವರು ಕಲ್ಲಾಗುವರು. ಸೋಮವಾರದೊಳಗೆ ನೀರು ಬಾರದಿದ್ದರೆ ಮಡಿವಾಳರ ಕೇರಿ ಊರು ಬಿಡತಕ್ಕದ್ದು!"

ಡಂಗುರದ ಕೊನೆಯ ಮಾತಿಗೆ ಮಡಿವಾಳರ ಮಾಚ ಹೊತ್ತಿದ್ದ ಬಟ್ಟೆಗಂಟನ್ನು ಕೆಳಗಿಳಿಸಿದ. ಅಗಸರು ಇಳಿದರೆ ನೀರು ಮೈಲಿಗೆಯೆಂದು ಕೆರೆಗೆ ಬೇಲಿ ಹಾಕಿಸಿದವನು ದೊರೆ ಚಂದ್ರಕೀರ್ತಿ. ಬೇಲಿ ಬಿದ್ದ ದಿನವೇ ರಾಕ್ಷಸ ಬಂದ. ತಪ್ಪು ಮಾತ್ರ ಅಗಸರ ತಲೆಗೆ! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತಾರಲ್ಲ, ಹಾಗಾಯಿತು.

ಸೋಮವಾರ ಬೆಳಿಗ್ಗೆ ಕೆರೆ ಏರಿಯ ಮೇಲೆ ದೊರೆ, ಮಂತ್ರಿ, ರಾಜಗುರು ಸಮೇತ ಊರಿಗೆ ಊರೇ ನೆರೆಯಿತು. ಒಗಟು ಬಿಡಿಸಲು ಹೊರಟ ಮಾಚನ ಕೈಯನ್ನು ತಾಯಿ ಚೌಡವ್ವ ಬಿಡಲೊಲ್ಲಳು. ನಾನು ಕಲ್ಲಾದರೆ ಬಟ್ಟೆ ಒಗೆಯೋಕೆ ಒಂದು ಬಂಡೆ ಹೆಚ್ಚಾಯಿತು ಅಂದುಕೋ ಎಂದು ಮಾಚ ನಗಿಸಲು ನೋಡಿದ. ಅವಳು ನಗಲಿಲ್ಲ.

ಒಣಗಿದ ಕೆರೆಯ ನಡುವೆ ರಾಕ್ಷಸ ಗುಡ್ಡದ ಹಾಗೆ ಕೂತಿದ್ದ. ಅವನು ಉಸಿರು ಬಿಟ್ಟರೆ ದಂಡೆಯ ಮರಗಳು ಬಾಗುತ್ತಿದ್ದವು.

"ಒಂದು ಜೀವ ಎಲ್ಲರನ್ನೂ ಮಡಿ ಮಾಡುತ್ತದೆ, ಅದಕ್ಕೆ ಮಾತ್ರ ಮಡಿಯಿಲ್ಲ. ಯಾವುದದು?"

ಮಂತ್ರಿ ದಂಡೆಯಂಚಿಗೆ ಬಂದು, ಮೀಸೆ ತಿರುವಿ ಅಗ್ನಿದೇವ ಎಂದ. ಮೀಸೆ ಸಮೇತ ಬಂಡೆಯಾದ. ರಾಜಗುರು ಅವನ ಪಕ್ಕ ನಿಂತು ಮೂರು ಶ್ಲೋಕ ಹೇಳಿ ಗಂಗೆಯ ಹೆಸರೆತ್ತಿದ. ನಾಲ್ಕನೆಯದು ಬಾಯಲ್ಲೇ ಕಲ್ಲಾಯಿತು.

ಮಾಚನಿಗೋ ಸೋಜಿಗ. ದಿನಾ ಇವರ ಪಂಚೆ ಒಗೆದವನು ಇವರ ಕಣ್ಣಿಗೇ ಬೀಳಲಿಲ್ಲವೇ? ಕೈಮುಗಿದು ಕೆರೆಗಿಳಿದ.

"ಅದು ನಾವು, ಅಗಸರು," ಎಂದ. ಮಡಿಬಟ್ಟೆ ನಮ್ಮ ಕೈಯದು, ಅದನ್ನುಟ್ಟವರ ಹೊಸಿಲು ನಮಗಿಲ್ಲ ಎಂದು ಬಿಡಿಸಿ ಹೇಳಿದ. ಅವನು ಕಲ್ಲಾಗಲಿಲ್ಲ.

"ಹಾಸಿದವನು ದೂರ ನಿಲ್ಲುತ್ತಾನೆ, ತುಳಿದವನು ದೊಡ್ಡವನಾಗುತ್ತಾನೆ. ಏನದು?"

"ನಡೆಮಡಿ." ದೊರೆ ನಡೆವ ದಾರಿಗೆ ಮಡಿವಾಳರು ಹಾಸುವ ಬಟ್ಟೆ. ಹೋದ ದಸರೆಯಲ್ಲಿ ಅದನ್ನು ಹಾಸಿದವನು ಮಾಚನೇ.

"ಎಷ್ಟು ಒಗೆದರೂ ಅಗಸನ ಕೈಯಲ್ಲಿ ಹೋಗದ ಕೊಳೆ ಯಾವುದು?"

ಮಾಚ ದೊರೆಯತ್ತ ತಿರುಗಿದ. ಉತ್ತರ ಗೊತ್ತಿತ್ತು. ಹೇಳದಿದ್ದರೆ ಕಲ್ಲು, ಹೇಳಿದರೆ ದೊರೆಯ ಕತ್ತಿ. ಏರಿಯ ಮೇಲೆ ಗಂಟುಮೂಟೆ ಕಟ್ಟಿ ನಿಂತ ತನ್ನ ಕೇರಿಯವರನ್ನು ನೋಡಿದ.

"ನಾನು ಮೇಲು, ನೀನು ಕೀಳು ಅನ್ನೋ ಕೊಳೆ. ಅದು ನಮ್ಮ ದೊರೆಗಳ ಮನಸ್ಸಿನಲ್ಲಿದೆ. ಹೊತ್ತವರೇ ತೊಳೆದುಕೊಳ್ಳಬೇಕು, ಬುದ್ಧಿ."

ದೊರೆ ಕತ್ತಿ ಹಿರಿದು "ಸುಳ್ಳು" ಎಂದ. ಅಂದದ್ದೇ ತಡ, ಅವನ ಬಲಗಾಲಿನ ಹೆಬ್ಬೆರಳು ಕಲ್ಲಾಯಿತು. ಊರೆಲ್ಲ ಬೆರಗಾಗಿ ನೋಡುತ್ತಿತ್ತು. ಇನ್ನೊಂದು ಬೆರಳೂ ಕಲ್ಲಾಗತೊಡಗಿದಾಗ ದೊರೆಯ ಕತ್ತಿ ಜಾರಿತು.

"ನಿಜ," ಎಂದ, ಸಣ್ಣ ದನಿಯಲ್ಲಿ.

ರಾಕ್ಷಸ ನಕ್ಕ. ನಗುನಗುತ್ತಲೇ ಕರಗಿ ನೀರಾದ. ಅಲೆ ಎದ್ದು ಬೇಲಿ ಕಿತ್ತುಕೊಂಡು ಹೋಯಿತು, ಏರಿಯ ತನಕ ಕೆರೆ ತುಂಬಿತು. ಹಿರಿಯರೂ ಕಿರಿಯರೂ ತಮಗರಿವಿಲ್ಲದೆ ಕೈಮುಗಿದರು.

ಏನು ಬೇಕೋ ಕೇಳು ಎಂದ ದೊರೆ. ಮಾಚ ಚಿನ್ನ ಕೇಳಲಿಲ್ಲ. ಕೆರೆ ಎಲ್ಲರದ್ದಾಗಬೇಕು, ಇವತ್ತು ದೊರೆಗಳು ತಮ್ಮ ಪಂಚೆಯನ್ನು ತಾವೇ ಒಗೆಯಬೇಕು, ಅಷ್ಟೇ ಎಂದ.

ಕೊಟ್ಟ ಮಾತು! ಚಂದ್ರಕೀರ್ತಿ ಕುಂಟುತ್ತ ನೀರಿಗಿಳಿದು, ಅಂಚಿನಲ್ಲಿ ಸಿಕ್ಕಿದ ಬಂಡೆಯ ಮೇಲೆ ಪಂಚೆ ಎತ್ತಿ ಬಡಿದ. ಬಂಡೆ "ಅಯ್ಯೋ" ಎಂದು ಎದ್ದು ನಿಂತಿತು. ನೋಡಿದರೆ ರಾಜಗುರು! ಪಕ್ಕದ ಬಂಡೆಗೆ ಎರಡೇಟು ಬಿದ್ದಾಗ ಮಂತ್ರಿಯೂ ಎದ್ದ.

ಮೈಯೆಲ್ಲ ಕೊಳೆನೀರು ಸುರಿಸಿಕೊಂಡ ರಾಜಗುರು ನಡುಗುತ್ತ, ಅಯ್ಯೋ, ನಾನು ಮೈಲಿಗೆಯಾದೆನೇ ಎಂದು ಕೇಳಿದ.

ಚೌಡವ್ವ ಈಗ ನಕ್ಕಳು.

"ಇಲ್ಲ ಬುದ್ಧಿ. ಇವತ್ತು ಮಡಿಯಾದಿರಿ."